ಎಕರೆಯಿಂದ ಗುಂಟೆಗೆ, ಗುಂಟೆಯಿಂದ ರಕ್ತಕಣಕ್ಕೆ

ಬೆಂಗಳೂರಿನಲ್ಲಿ ರೂಪುಗೊಂಡ ಐಆರ್‌ಎಸ್-1ಎ ಉಪಗ್ರಹ ಬೈಕನೂರಿನಿಂದ ಹಾರಿದ್ದು 1988ರ ಮಾರ್ಚ್ 17ರಂದು. ಅದರ ಲಿಸ್-1 ಕ್ಯಾಮೆರಾದ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 72.5 ಮೀಟರ್ ಚೌಕ. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಹನ್ನೆರಡು ಗುಂಟೆ. ಬೀದರಿನ ಮನ್ನಳ್ಳಿ ಕಡೆ ಒಂದೆಕರೆ ಹೊಲದಲ್ಲಿ ಅರ್ಧ ತೊಗರಿ, ಅರ್ಧ ಉದ್ದು ಬಿತ್ತಿದ್ದರೆ ಎರಡೂ ಒಂದೇ ಚುಕ್ಕೆಯಲ್ಲಿ ಬೆರೆತುಹೋಗುತ್ತಿದ್ದವು. ಅದೇ ಉಪಗ್ರಹದ ಲಿಸ್-2 ಈ ಚುಕ್ಕೆಯನ್ನು ಹದಿಮೂರು ಗುಂಟೆಗೆ ಇಳಿಸಿತು. 2003ರ ರಿಸೋರ್ಸ್‌ಸ್ಯಾಟ್-1ರ ಲಿಸ್-4 ಅದನ್ನು 5.8 ಮೀಟರಿಗೆ, ಗುಂಟೆಯ ಮೂರನೇ ಒಂದು ಪಾಲಿಗೆ ತಂದಿತು. 2015ರಿಂದ ಯುರೋಪಿನ ಸೆಂಟಿನೆಲ್-2 ಕೊಡುತ್ತಿರುವ 10 ಮೀಟರಿನ ಪಿಕ್ಸೆಲ್ ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಚಿತ್ರಕ್ಕೆ ದುಡ್ಡೂ ಇಲ್ಲ.

ಆದರೂ ಬೆಳೆ ಅಳೆಯಲು ನಾನು 5.8 ಮೀಟರಿಗಿಂತ ಈ 10 ಮೀಟರನ್ನೇ ಆರಿಸುತ್ತೇನೆ. ಮೊದಲಿನ ಲಿಸ್-1 ಬೆಳಕನ್ನು 128 ಹಂತಗಳಲ್ಲಿ ಗುರುತಿಸುತ್ತಿದ್ದರೆ ಸೆಂಟಿನೆಲ್ 4096 ಹಂತಗಳಲ್ಲಿ ಗುರುತಿಸುತ್ತದೆ. ಜೋಡಿ ಉಪಗ್ರಹಗಳಾದ್ದರಿಂದ ಐದು ದಿನಕ್ಕೊಮ್ಮೆ ಅದೇ ಹೊಲದ ಮೇಲೆ ಬರುತ್ತದೆ. ಶ್ರಾವಣದ ಮೋಡದಲ್ಲಿ ಬೀದರಿನ ನೆಲ ಒಮ್ಮೆಯಾದರೂ ಕಾಣಬೇಕಾದರೆ ಮತ್ತೆ ಮತ್ತೆ ನೋಡುವ ಕಣ್ಣೇ ಬೇಕು.

ಬೆಳಕಿನ ಸೂಕ್ಷ್ಮ ವ್ಯತ್ಯಾಸ ಗುರುತಿಸುವ, ಮತ್ತೆ ಮತ್ತೆ ನೋಡುವ ಈ ದಾರಿಯನ್ನು ಆಕಾಶ ನೋಡುವವರು ಮೊದಲೇ ಹಿಡಿದಿದ್ದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದಲೂ ಸೂರ್ಯನ ಚಿತ್ರಗಳಿವೆ. ಹಳೆಯ ಫೋಟೊ ಪ್ಲೇಟು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹಿಡಿಯುತ್ತಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಬಾಯ್ಲ್ ಮತ್ತು ಸ್ಮಿತ್ ಕಂಡುಹಿಡಿದ ಸಿಸಿಡಿ ಎಂಬ ಬೆಳಕು ಹಿಡಿಯುವ ಚಿಪ್ ಬೆಳೆಯುತ್ತಾ ಬಂದು ಎಂಬತ್ತನ್ನೂ ದಾಟಿತು. 2009ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಕೊಡೈಕೆನಾಲಿನ ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡಲು ಸಂಸ್ಥೆ ಆರಿಸಿಕೊಂಡದ್ದು 4096×4096 ಪಿಕ್ಸೆಲ್‌ಗಳ, ತಂಪಾಗಿಸಿದ, 16 ಬಿಟ್‌ನ ಸಿಸಿಡಿಯನ್ನು. ಪ್ಲೇಟಿನ ಕಪ್ಪುಬಿಳುಪಿನ ನಡುವಿನ ಸೂಕ್ಷ್ಮ ಛಾಯೆಗಳು ಕಳೆದುಹೋಗಬಾರದೆಂದರೆ ಇಂಥ ಕ್ಯಾಮೆರಾನೇ ಆಗಬೇಕು.

ಈಗ ನೆಲಕ್ಕೆ ಬರೋಣ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಂಥ ಕಡೆ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಬೇಕು ಎನ್ನಿ. ಔರಾದ್, ಭಾಲ್ಕಿ ಕಡೆಯ ದೇವಣಿ ದನದ ರಕ್ತದಲ್ಲಿ ಥೈಲೇರಿಯಾ ಎಂಬ ಪರಾವಲಂಬಿಯನ್ನು ಹುಡುಕಬೇಕು. ಅದರ ಗಾತ್ರ ಒಂದೆರಡು ಮೈಕ್ರಾನ್. ಎಣ್ಣೆ ಹಾಕಿ ನೋಡುವ ನೂರು ಪಟ್ಟಿನ ಮಸೂರ ಬೇರೆಬೇರೆಯಾಗಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು 0.22 ಮೈಕ್ರಾನ್. ನಡುವೆ ಅರ್ಧ ಪಟ್ಟಿನ ಅಡಾಪ್ಟರ್ ಇದ್ದರೆ ಅದು ಸೆನ್ಸರ್ ಮೇಲೆ 11 ಮೈಕ್ರಾನ್ ಆಗಿ ಬೀಳುತ್ತದೆ. ಅದರೊಳಗೆ ಎರಡು ಮೂರು ಪಿಕ್ಸೆಲ್ ಹಿಡಿಸಿದರೆ ಸಾಕು. ಇಂದು ಧಾರಾಳವಾಗಿ ಸಿಗುವ 3.45 ಮೈಕ್ರಾನಿನ ಪಿಕ್ಸೆಲ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಸೂರವೇ ತೋರಿಸದ ವಿವರವನ್ನು ಐವತ್ತು ಮೆಗಾಪಿಕ್ಸೆಲ್ ತಂದುಕೊಡಲಾರದು. ಪಿಕ್ಸೆಲ್ ಕಿರಿದಾದಷ್ಟೂ ಅದಕ್ಕೆ ಸಿಗುವ ಬೆಳಕೂ ಕಡಿಮೆ.

ಬಣ್ಣದ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನೇ ಕಾಣುತ್ತದೆ. ಉಳಿದೆರಡನ್ನು ಅಕ್ಕಪಕ್ಕದಿಂದ ಅಂದಾಜು ಮಾಡುತ್ತದೆ. ಬಣ್ಣ ಹಾಕಿದ ರಕ್ತದ ಸ್ಲೈಡಿಗೆ ಅದು ಸರಿ. ಬೆಳಕಿನ ಪ್ರಮಾಣವನ್ನೇ ಅಳೆಯುವಲ್ಲಿ ಕಪ್ಪುಬಿಳುಪಿನದೇ ಮೇಲು. ಮೊಬೈಲಂತೂ ತೆಗೆದ ಚಿತ್ರದ ಅಂಚನ್ನು ತಾನಾಗಿಯೇ ಚೂಪು ಮಾಡಿ, ಹೊಳಪು ಹೆಚ್ಚಿಸಿ, ಅದನ್ನು ಜೆಪೆಗ್ ಆಗಿ ಕುಗ್ಗಿಸಿರುತ್ತದೆ. ಅದರಿಂದ ಅಳತೆ ತೆಗೆಯಬಾರದು.

ಕಂಪ್ಯೂಟರಿನ ಮಾತು ಕೊನೆಗೆ. 16 ಬಿಟ್‌ನ ಕೊಡೈಕೆನಾಲ್ ಚಿತ್ರವೊಂದು 32 ಎಂಬಿ; ಲೆಕ್ಕ ಮಾಡಲು 32 ಬಿಟ್‌ಗೆ ಬದಲಿಸಿದರೆ ಅದೇ 64 ಎಂಬಿ ಆಗುತ್ತದೆ. ಅಂಥ ನೂರು ಚಿತ್ರಗಳನ್ನು ಒಟ್ಟಿಗೆ ತೆರೆಯಲು ಆರು ಜಿಬಿಗೂ ಮೀರಿ ರ್‍ಯಾಮ್ ಬೇಕು. ಹಾಗಾಗಿ 16 ಜಿಬಿ ಕನಿಷ್ಠ, 32 ಇದ್ದರೆ ನೆಮ್ಮದಿ, ಜೊತೆಗೆ ಎಸ್‌ಎಸ್‌ಡಿ. 1997ರಲ್ಲಿ ಬಂದ ಉಚಿತ ತಂತ್ರಾಂಶ ಇಮೇಜ್‌ಜೆ ಸಾಧಾರಣ ಯಂತ್ರದಲ್ಲೂ ಓಡುತ್ತದೆ. ಚಿತ್ರಗಳಿಂದ ಯಂತ್ರಕ್ಕೆ ಕಲಿಸುವ ಕೆಲಸವಿಲ್ಲದಿದ್ದರೆ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೇ ಇಲ್ಲ. ಆ ದುಡ್ಡನ್ನು ಬೆಳಕು ಏರಿಳಿಯದ ಎಲ್‌ಇಡಿ ದೀಪಕ್ಕೆ ಹಾಕಿ. ದಿನವೂ ಕೆಲಸಕ್ಕೆ ಮುಂಚೆ ಖಾಲಿ ಸ್ಲೈಡಿನದೊಂದು ಚಿತ್ರ ತೆಗೆದಿಟ್ಟು, ಉಳಿದವನ್ನೆಲ್ಲ ಅದರಿಂದ ಭಾಗಿಸಿದರೆ ಮಸೂರದ ಅಂಚಿನ ಮಬ್ಬೂ ಧೂಳಿನ ಕಲೆಯೂ ಬಹುಮಟ್ಟಿಗೆ ಹೋಗುತ್ತವೆ.