2147483647: ಗಣಿತಜ್ಞರ ಕೈಯಿಂದ ಗಡಿಯಾರದವರೆಗೆ

2147483647. ನಮ್ಮ ಲೆಕ್ಕದಲ್ಲಿ 214 ಕೋಟಿ 74 ಲಕ್ಷ 83 ಸಾವಿರದ 647. ಎರಡನ್ನು 31 ಬಾರಿ ಬರೆದು ಗುಣಿಸಿ, ಬಂದ ಉತ್ತರದಲ್ಲಿ ಒಂದನ್ನು ಕಳೆದರೆ ಈ ಸಂಖ್ಯೆ ಸಿಗುತ್ತದೆ. 1 ಮತ್ತು ತನ್ನಿಂದಲ್ಲದೆ ಬೇರೆ ಯಾವುದರಿಂದಲೂ ಇದು ನಿಶ್ಶೇಷವಾಗಿ ಭಾಗವಾಗದು. ಅಂದರೆ ಇದೊಂದು ಅವಿಭಾಜ್ಯ ಸಂಖ್ಯೆ.

ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದು ಸೇರಿತ್ತು. ಆದರೆ ಇದು ಅವಿಭಾಜ್ಯವೆಂದು 1772ರಲ್ಲಿ ಸಾಧಿಸಿ ತೋರಿಸಿದವರು ಆಯ್ಲರ್. ಆಗ ಅವರು ದೃಷ್ಟಿಯನ್ನು ಬಹುತೇಕ ಕಳೆದುಕೊಂಡಿದ್ದರು. ಒಂದು ಸಂಖ್ಯೆಯನ್ನು ಪರೀಕ್ಷಿಸಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇದರ ವರ್ಗಮೂಲ 46,340 ಚಿಲ್ಲರೆ. ಅಷ್ಟರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಅವಿಭಾಜ್ಯಗಳು ಮಾತ್ರ ಇದನ್ನು ಭಾಗಿಸಬಲ್ಲವು ಎಂಬುದನ್ನು ಆಯ್ಲರ್ ಕಂಡುಕೊಂಡರು. ಹೀಗಾಗಿ ಹೆಚ್ಚೆಂದರೆ 372 ಭಾಗಾಕಾರಗಳಲ್ಲಿ ಕೆಲಸ ಮುಗಿಯಿತು.

ಇದರ ಇನ್ನೊಂದು ಗುಣವೂ ಇದೆ. 6ರ ಭಾಜಕಗಳಾದ 1, 2, 3 ಕೂಡಿದರೆ ಮತ್ತೆ 6 ಬರುತ್ತದೆ. ಇಂಥದ್ದನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 2147483647ನ್ನು 1073741824ರಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ: 2305843008139952128. ಇವು ಕುತೂಹಲಕ್ಕಷ್ಟೇ, ಉಪಯೋಗಕ್ಕಿಲ್ಲ. ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲು ಹೋಗಲಾರರು ಎಂದು ಇಂಗ್ಲೆಂಡಿನ ಬಾರ್ಲೋ 1811ರಲ್ಲಿ ಬರೆದರು. ಅದು ಸುಳ್ಳಾಯಿತು. 2024ರಲ್ಲಿ ಇದೇ ಜಾತಿಯ, 4 ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಂಖ್ಯೆ ಪತ್ತೆಯಾಯಿತು.

ಉಪಯೋಗವಿಲ್ಲ ಎಂಬ ಮಾತೂ ನಿಲ್ಲಲಿಲ್ಲ. ಕಂಪ್ಯೂಟರ್ 32 ಬಿಟ್‌ಗಳಲ್ಲಿ ಸಂಖ್ಯೆ ಬರೆದಿಡುವಾಗ ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ಸ್ಕೂಟರಿನ ಮೀಟರು 99999 ದಾಟಿದರೆ ಸೊನ್ನೆಗೆ ಬರುವಂತೆ, ಇಲ್ಲಿ ಇನ್ನೊಂದು ಕೂಡಿದರೆ ಲೆಕ್ಕ ಋಣ ಸಂಖ್ಯೆಗೆ ಜಿಗಿಯುತ್ತದೆ. 2014ರ ಡಿಸೆಂಬರ್‌ನಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆ ಈ ಮಿತಿಯನ್ನು ದಾಟಿದ್ದು ದೊಡ್ಡ ಸುದ್ದಿಯಾಯಿತು. ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಿತು.

ಹಲವು ಕಂಪ್ಯೂಟರ್‌ಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್‌ನ ಎಣಿಕೆ ಮುಗಿಯುವುದು 2038ರ ಜನವರಿ 19, ಮಂಗಳವಾರ, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಸೆಕೆಂಡಿಗೆ, ಸರಿಪಡಿಸದ ಯಂತ್ರ 1901ರ ಡಿಸೆಂಬರ್ ತೋರಿಸಬಹುದು. ಇದರ ತೊಂದರೆ ಆ ದಿನಕ್ಕೇ ಕಾಯಬೇಕೆಂದಿಲ್ಲ: 2018ರಲ್ಲಿ ಪಡೆದ 20 ವರ್ಷದ ಸಾಲದ ಕೊನೆಯ ಕಂತನ್ನು ಲೆಕ್ಕ ಹಾಕುವ ಹಳೆಯ ತಂತ್ರಾಂಶ ಅಂದೇ ಈ ಗಡಿಯನ್ನು ಮುಟ್ಟಬಹುದಿತ್ತು.

64 ಬಿಟ್‌ನ ಎಣಿಕೆ ಸುಮಾರು 29,200 ಕೋಟಿ ವರ್ಷ ಸಾಲುತ್ತದೆ. ಹೊಸ ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಹೆಚ್ಚಿನವು ಅದನ್ನೇ ಬಳಸುತ್ತವೆ. ಚಿಂತೆ ಇರುವುದು ವರ್ಷಗಟ್ಟಲೆ ಬದಲಿಸದೆ ಓಡುತ್ತಿರುವ ಹಳೆಯ ಯಂತ್ರಗಳದ್ದು. ಅವನ್ನು ನಡೆಸುವವರು 2038ರ ನಂತರದ ಒಂದು ತಾರೀಖು ಹಾಕಿ ಮೊದಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.