ನೀಲಮಣಿಯ ಪರೀಕ್ಷೆ

ನೀಲಮಣಿಯು ನವರತ್ನಗಳಲ್ಲಿ ಒಂದು. ಇದನ್ನು ನೀಲ, ಇಂದ್ರನೀಲ, ನೀಲಂ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. ಖನಿಜಶಾಸ್ತ್ರದ ದೃಷ್ಟಿಯಿಂದ ಇದು ಕುರುಂದದ, ಅಂದರೆ ಸ್ಫಟಿಕರೂಪದ ಅಲ್ಯೂಮಿನಿಯಂ ಆಕ್ಸೈಡ್‌ನ, ಒಂದು ಪ್ರಭೇದ. ಪಾಶ್ಚಾತ್ಯ ಭಾಷೆಗಳಲ್ಲಿರುವ ಕೊರಂಡಮ್ ಎಂಬ ಹೆಸರು ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಎಂಬ ಪದಗಳಿಗೆ ಸಂಬಂಧಿಸಿದ್ದು. ಶುದ್ಧ ಕುರುಂದಕ್ಕೆ ಬಣ್ಣವಿಲ್ಲ. ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಸೇರಿದರೆ ಅದು ಮಾಣಿಕ್ಯವಾಗುತ್ತದೆ. ಕಬ್ಬಿಣ ಮತ್ತು ಟೈಟಾನಿಯಂ ಜೊತೆಯಾಗಿ ಸೇರಿದರೆ ನೀಲವಾಗುತ್ತದೆ. ಮೈಸೂರಿನ ಸುತ್ತಣ ಪ್ರದೇಶದಲ್ಲಿಯೂ ಕುರುಂದ ದೊರೆಯುತ್ತದೆಯಾದರೂ ಅದರ ಬಹುಪಾಲು ಬೆಳಕು ಹಾಯದ ಕಲ್ಲು.

ಭಾರತದಲ್ಲಿ ನೀಲವನ್ನು ಕೊಳ್ಳುವವರಲ್ಲಿ ಅನೇಕರು ಶನಿಗ್ರಹದ ಪ್ರೀತ್ಯರ್ಥವಾಗಿ ಕೊಳ್ಳುತ್ತಾರೆ. ಏಳರಾಟದ ಶನಿಯ ಭಯದಲ್ಲಿ ಅವಸರದಿಂದ ನಡೆಯುವ ಖರೀದಿಯಲ್ಲಿ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ. ಆದುದರಿಂದ ಈ ರತ್ನದ ವ್ಯಾಪಾರದಲ್ಲಿ ವಂಚನೆಗೆ ಎಡೆ ಹೆಚ್ಚು.

ಬಣ್ಣ

ನೀಲದ ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಬಣ್ಣ. ಸಂಸ್ಕೃತದ ರತ್ನಪರೀಕ್ಷಾ ಗ್ರಂಥಗಳು ನವಿಲಿನ ಕೊರಳು, ಶಂಖಪುಷ್ಪ ಮೊದಲಾದ ಹೋಲಿಕೆಗಳಿಂದ ಅದನ್ನು ವರ್ಣಿಸಿವೆ. ಇಂದಿನ ರತ್ನಶಾಸ್ತ್ರವು ಬಣ್ಣದ ಛಾಯೆ, ಗಾಢತೆ, ಶುದ್ಧತೆ ಎಂಬ ಮೂರು ಅಂಶಗಳನ್ನು ಬೇರೆಬೇರೆಯಾಗಿ ನೋಡುತ್ತದೆ. ಕೊಂಚ ನೇರಳೆಯ ಸುಳಿವಿದ್ದರೆ ಅದು ದೋಷವಲ್ಲ. ಹಸಿರು ಅಥವಾ ಬೂದು ಬೆರೆತರೆ ಬೆಲೆ ಇಳಿಯುತ್ತದೆ. ಗಾಢವಾದಷ್ಟೂ ಉತ್ತಮವೆಂಬ ತಿಳಿವಳಿಕೆ ಸರಿಯಲ್ಲ. ಮಸಿಯಂತೆ ಕಪ್ಪಾಗಿ ಕಾಣುವ ನೀಲ, ಬೆಳಕನ್ನು ಹಿಂದಿರುಗಿಸಲಾರದ ನೀಲ. ಬಸಾಲ್ಟ್ ಶಿಲೆಗಳ ಪ್ರದೇಶವಾದ ಆಸ್ಟ್ರೇಲಿಯಾದ ಅನೇಕ ಹರಳುಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಈ ಲಕ್ಷಣ ಕಂಡುಬರುತ್ತದೆ. ಶ್ರೀಲಂಕಾದ ರತ್ನಪುರದ ಸುತ್ತಲಿನ ಹರಳುಗಳು ಸಾಮಾನ್ಯವಾಗಿ ತಿಳಿಯಾದ, ಹೊಳಪಿನ ನೀಲಿ.

ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ, ಬಿಳಿಯ ಕಾಗದದ ಮೇಲಿಟ್ಟು ನೋಡಬೇಕು. ಅಂಗಡಿಯ ತೀಕ್ಷ್ಣವಾದ ಬಿಳಿ ದೀಪಗಳ ಕೆಳಗೆ ಮಂಕಾದ ಹರಳೂ ಮಿಂಚುತ್ತದೆ; ಹಳದಿ ದೀಪದ ಕೆಳಗೆ ಒಳ್ಳೆಯ ಹರಳೂ ಮಂಕಾಗಬಹುದು. ನೀಲದ ಬಣ್ಣ ಹರಳಿನೊಳಗೆ ಸಮವಾಗಿ ಹರಡಿರುವುದು ಅಪರೂಪ. ಚತುರ ಕಟಾವುಗಾರರು ಬಣ್ಣದ ಪಟ್ಟೆಯನ್ನು ತಳಭಾಗದಲ್ಲಿ ಉಳಿಸಿಕೊಂಡು ಕತ್ತರಿಸುತ್ತಾರೆ. ಅಂತಹ ಹರಳು ಮೇಲಿನಿಂದ ಪೂರ್ಣ ನೀಲಿಯಾಗಿ, ಪಕ್ಕದಿಂದ ಬಹುತೇಕ ಬಣ್ಣರಹಿತವಾಗಿ ಕಾಣುತ್ತದೆ. ಇದು ಮೋಸವಲ್ಲ, ಆದರೆ ಬೆಲೆ ಹೇಳುವಾಗ ತಿಳಿದಿರಬೇಕಾದ ಸಂಗತಿ.

ಕಾಶ್ಮೀರದ ನೀಲ

ಬಣ್ಣದ ವಿಷಯದಲ್ಲಿ ಇಂದಿಗೂ ಅಳತೆಗೋಲಾಗಿರುವುದು ಕಾಶ್ಮೀರದ ನೀಲ. 1881ರ ಸುಮಾರಿಗೆ ಕಿಶ್ತವಾರದ ಪಾಡರ್ ಪ್ರದೇಶದಲ್ಲಿ, ಸುಮಾರು 4,500 ಮೀಟರ್ ಎತ್ತರದ ಹಿಮಾಲಯದ ಕಣಿವೆಯೊಂದರಲ್ಲಿ, ಭೂಕುಸಿತದಿಂದ ಈ ಹರಳುಗಳು ಬೆಳಕಿಗೆ ಬಂದುವೆಂದು ಹೇಳಲಾಗುತ್ತದೆ. ಜಮ್ಮು-ಕಾಶ್ಮೀರದ ಮಹಾರಾಜರು ಗಣಿಯನ್ನು ವಶಕ್ಕೆ ತೆಗೆದುಕೊಂಡರು. ವರ್ಷದ ಬಹುಕಾಲ ಹಿಮದಡಿಯಲ್ಲಿರುವ ಆ ನೆಲೆಯ ಶ್ರೇಷ್ಠ ಹರಳುಗಳೆಲ್ಲ 1887ರ ಹೊತ್ತಿಗೆ ಬಹುತೇಕ ಬರಿದಾಗಿದ್ದವು. ಅತಿ ಸೂಕ್ಷ್ಮ ಕಣಗಳು ಒಳಗೆ ಬೆಳಕನ್ನು ಚದುರಿಸುವುದರಿಂದ ಅದರ ನೀಲಿ ಮಖಮಲ್ಲಿನಂತೆ ಮೃದುವಾಗಿ ಕಾಣುತ್ತದೆ. ಮಾರುಕಟ್ಟೆಯಲ್ಲಿ ಕಾಶ್ಮೀರದ್ದೆಂದು ಹೇಳುವ ಹರಳುಗಳಲ್ಲಿ ಬಹಳಷ್ಟು ಬೇರೆಡೆಯವು. ಮಡಗಾಸ್ಕರ್‌ನ ಕೆಲವು ಹರಳುಗಳು ನುರಿತ ಕಣ್ಣಿಗೂ ಹಾಗೆಯೇ ತೋರುತ್ತವೆ.

ಒಳಸೇರ್ಪಡೆಗಳು

ಹರಳಿನೊಳಗೆ ಸೆರೆಯಾದ ಅನ್ಯ ಖನಿಜ, ದ್ರವ, ಅನಿಲ ಮತ್ತು ಬಿರುಕುಗಳನ್ನು ಒಳಸೇರ್ಪಡೆಗಳೆನ್ನುತ್ತಾರೆ. ವಜ್ರದಲ್ಲಿ ಇವು ಕೇವಲ ಕುಂದು. ನೀಲದಲ್ಲಿ ಇವು ಹರಳಿನ ಜನ್ಮಪತ್ರಿಕೆ. ಸ್ವಿಸ್ ರತ್ನಶಾಸ್ತ್ರಜ್ಞ ಎಡ್ವರ್ಡ್ ಗ್ಯುಬೆಲಿನ್ ಇವುಗಳ ಅಧ್ಯಯನಕ್ಕೆ ಶಾಸ್ತ್ರದ ಸ್ಥಾನ ತಂದುಕೊಟ್ಟವರಲ್ಲಿ ಪ್ರಮುಖರು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ಹಲವನ್ನು ಕಾಣಬಹುದು.

ರೂಟೈಲ್ ಖನಿಜದ ಕೂದಲೆಳೆಯಂಥ ಸೂಜಿಗಳು ಮೂರು ದಿಕ್ಕುಗಳಲ್ಲಿ, ಪರಸ್ಪರ 60 ಡಿಗ್ರಿ ಕೋನದಲ್ಲಿ ಹೆಣೆದುಕೊಂಡಿರುವುದನ್ನು ರೇಷ್ಮೆ ಎಂದು ಕರೆಯುವರು. ರೇಷ್ಮೆ ದಟ್ಟವಾಗಿದ್ದು ಹರಳನ್ನು ಗುಮ್ಮಟದಾಕಾರದಲ್ಲಿ ಉಜ್ಜಿದರೆ ಆರು ಕಿರಣಗಳ ನಕ್ಷತ್ರ ಮೂಡುತ್ತದೆ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿರುವ, 563 ಕ್ಯಾರೆಟ್‌ಗಳಿಗೂ ಹೆಚ್ಚು ತೂಗುವ 'ಸ್ಟಾರ್ ಆಫ್ ಇಂಡಿಯಾ' ಇಂಥದ್ದು. ಹೆಸರು ಹಾಗಿದ್ದರೂ ಅದರ ಮೂಲ ಶ್ರೀಲಂಕಾ. ಮಾಗಿದ ಬಿರುಕುಗಳಲ್ಲಿ ದ್ರವದ ಹನಿಗಳು ಸಾಲುಗಟ್ಟಿ ಬೆರಳಚ್ಚಿನಂತೆ ತೋರುವುದುಂಟು. ಶ್ರೀಲಂಕಾದ ಕೆಲವು ಹರಳುಗಳ ಕುಳಿಗಳಲ್ಲಿ ಇಂಗಾಲದ ಡೈಆಕ್ಸೈಡ್‌ನ ಗುಳ್ಳೆಯಿರುತ್ತದೆ. ಹರಳನ್ನು 31 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬೆಚ್ಚಗಾಗಿಸಿದರೆ ಅದು ಮಾಯವಾಗಿ, ತಣಿದಾಗ ಮರಳುತ್ತದೆ. ಹೆಚ್ಚಿನ ಶಾಖದಲ್ಲಿ ಇಂತಹ ಕುಳಿಗಳು ಒಡೆಯುವುದರಿಂದ, ಕುಳಿ ಅಖಂಡವಾಗಿರುವುದು ಹರಳನ್ನು ಕಾಯಿಸಿಲ್ಲವೆಂಬುದಕ್ಕೆ ಬಲವಾದ ಸಾಕ್ಷಿ.

ಕೃತಕ ನೀಲ

ಫ್ರೆಂಚ್ ರಸಾಯನಶಾಸ್ತ್ರಜ್ಞ ಆಗಸ್ಟ್ ವೆರ್ನಾಯ್ 1902ರಲ್ಲಿ ಜ್ವಾಲೆಯಲ್ಲಿ ಪುಡಿಯನ್ನು ಕರಗಿಸಿ ಮಾಣಿಕ್ಯ ತಯಾರಿಸುವ ವಿಧಾನವನ್ನು ಪ್ರಕಟಿಸಿದರು. 1910ರ ಸುಮಾರಿಗೆ ಅದೇ ವಿಧಾನದಿಂದ ನೀಲವೂ ತಯಾರಾಯಿತು. ಇದು ಗಾಜಲ್ಲ, ನಿಜವಾದ ಕುರುಂದವೇ. ನೈಸರ್ಗಿಕ ನೀಲದಂತೆ ಇದರ ಮೋಹ್ಸ್ ಕಾಠಿಣ್ಯ 9, ಸಾಪೇಕ್ಷ ಸಾಂದ್ರತೆ ಸುಮಾರು 4.00, ವಕ್ರೀಭವನಾಂಕ 1.762ರಿಂದ 1.770. ಆದುದರಿಂದ ತೂಕ ನೋಡಿಯಾಗಲಿ, ಗೀರಿಯಾಗಲಿ ಇದನ್ನು ಪತ್ತೆಮಾಡಲಾಗದು. ಹರಳಿನ ಒಳಗನ್ನೇ ನೋಡಬೇಕು. ನಿಸರ್ಗದಲ್ಲಿ ಬೆಳೆದ ಹರಳಿನ ಬಣ್ಣದ ಪಟ್ಟೆಗಳು ನೇರವಾಗಿರುತ್ತವೆ, ಇಲ್ಲವೇ ಷಟ್ಕೋನದ ಮೂಲೆಗಳಂತೆ ಬಾಗುತ್ತವೆ. ಜ್ವಾಲಾವಿಧಾನದ ಹರಳಿನಲ್ಲಿ ಅವು ಕಮಾನಿನಂತೆ ವಕ್ರ. ಜೊತೆಗೆ ದುಂಡನೆಯ ಅನಿಲದ ಗುಳ್ಳೆಗಳಿರಬಹುದು. ಒಂದೂ ಕಲೆಯಿಲ್ಲದ, ದೊಡ್ಡದಾದ, ಅಗ್ಗದ ನೀಲವನ್ನು ಕಂಡಾಗ ಮೊದಲು ಸಂಶಯಿಸಬೇಕಾದುದು ಇದನ್ನೇ.

ಬೇರೆ ಖನಿಜಗಳನ್ನು ನೀಲವೆಂದು ಮಾರುವುದೂ ಉಂಟು. ಅಯೋಲೈಟ್, ತಾಂಜಾನೈಟ್, ನೀಲಿ ಸ್ಪಿನೆಲ್, ಕೋಬಾಲ್ಟ್ ಬೆರೆಸಿದ ಗಾಜು ಇವುಗಳಲ್ಲಿ ಸೇರಿವೆ. ಇವುಗಳ ವಕ್ರೀಭವನಾಂಕ ಬೇರೆಯಾದ್ದರಿಂದ ಉಪಕರಣವಿದ್ದರೆ ಪತ್ತೆ ಸುಲಭ.

ಸಂಸ್ಕರಣೆ

ಇಂದಿನ ಮಾರುಕಟ್ಟೆಯ ಬಹುಪಾಲು ನೀಲಗಳು ಕಾಯಿಸಿದವು. ಶ್ರೀಲಂಕಾದಲ್ಲಿ ಗೆವುಡಾ ಎಂದು ಕರೆಯುವ, ಹಾಲಿನಂತೆ ಮಬ್ಬಾದ ಅಗ್ಗದ ಕಲ್ಲುಗಳನ್ನು 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಕೊಂಡೊಯ್ದು ಅತ್ಯುಷ್ಣದಲ್ಲಿ ಕಾಯಿಸಿ ನೀಲವಾಗಿಸಿದರು. ಶಾಖದಲ್ಲಿ ರೂಟೈಲ್ ಕರಗಿ ಅದರ ಟೈಟಾನಿಯಂ ಹರಳಿನೊಳಗೆ ಬೆರೆಯುವುದೇ ಇದರ ಗುಟ್ಟು. ಕಾಯಿಸಿದ ಹರಳಿನಲ್ಲಿ ರೇಷ್ಮೆಯ ಎಳೆಗಳು ತುಂಡಾಗಿ ಚುಕ್ಕಿಗಳಾಗಿರುತ್ತವೆ. ಒಳಗಿನ ಕಣಗಳ ಸುತ್ತ ತಟ್ಟೆಯಾಕಾರದ ಬಿರುಕುಗಳು ಕಾಣುತ್ತವೆ. ಕಾಯಿಸುವಿಕೆಯನ್ನು ವ್ಯಾಪಾರಲೋಕ ಒಪ್ಪಿಕೊಂಡಿದೆ, ಬಣ್ಣವೂ ಶಾಶ್ವತ. ಆದರೆ ಅದನ್ನು ಮುಚ್ಚಿಟ್ಟು ಕಾಯಿಸದ ಹರಳಿನ ಬೆಲೆ ಪಡೆಯುವುದು ವಂಚನೆಯೇ.

ಇತರ ಕ್ರಮಗಳು ಹೀಗಲ್ಲ. ಹೊರಗಿನಿಂದ ಟೈಟಾನಿಯಂ ಹಾಯಿಸಿದ ಹರಳಿನಲ್ಲಿ ಬಣ್ಣವು ತೆಳುವಾದ ಮೇಲ್ಪದರದಲ್ಲಷ್ಟೇ ಇದ್ದು, ಮತ್ತೆ ಸಾಣೆ ಹಿಡಿದರೆ ಹೋಗಿಬಿಡುತ್ತದೆ. ತಕ್ಕ ದ್ರವದಲ್ಲಿ ಮುಳುಗಿಸಿ ನೋಡಿದರೆ ಮುಖಗಳ ಅಂಚುಗಳು ಗಾಢವಾಗಿ ತೋರುತ್ತವೆ. ಬೆರಿಲಿಯಂ ಹಾಯಿಸಿದ ಹರಳುಗಳು 2000ರ ದಶಕದ ಆರಂಭದಲ್ಲಿ ಪತ್ತೆಯಾದವು. ಇವನ್ನು ಖಚಿತಪಡಿಸಿಕೊಳ್ಳಲು ಸಾಮಾನ್ಯವಾಗಿ ಪ್ರಯೋಗಾಲಯವೇ ಬೇಕು. ಬಿರುಕುಗಳಿಗೆ ಕೋಬಾಲ್ಟ್ ಬಣ್ಣದ ಸೀಸದ ಗಾಜನ್ನು ತುಂಬಿದ ಹರಳು ಎಲ್ಲಕ್ಕಿಂತ ಕೀಳು: ಅಕ್ಕಸಾಲಿಗನ ಊದುಬೆಂಕಿಗೂ ಆಮ್ಲಕ್ಕೂ ಆ ಗಾಜು ಕೆಡುತ್ತದೆ.

ಪ್ರಚಲಿತ ನಂಬಿಕೆಗಳು

ನೀಲವನ್ನು ಹಾಲಿನಲ್ಲಿ ಹಾಕಿದರೆ ಹಾಲು ನೀಲಿಯಾಗಿ ತೋರಬೇಕೆಂಬ ಪರೀಕ್ಷೆ ಬಹಳ ಹಳೆಯದು. ಆದರೆ ಹರಳಿನ ಮೂಲಕ ಹಾಯ್ದ ಬೆಳಕು ಬಿಳಿಯ ಹಾಲಿಗೆ ಬಣ್ಣದ ತೋರಿಕೆ ಕೊಡುವುದಷ್ಟೇ ಇಲ್ಲಿನ ಸಂಗತಿ; ನೀಲಿ ಗಾಜೂ ಇದನ್ನು ಮಾಡುತ್ತದೆ. ಗಾಜಿನ ಮೇಲೆ ಗೀರುವುದೂ ನಿಷ್ಪ್ರಯೋಜಕ, ಸಾಧಾರಣ ಬೆಣಚುಕಲ್ಲೂ ಗಾಜನ್ನು ಗೀರಬಲ್ಲದು. ದಿಂಬಿನಡಿಯಲ್ಲಿಟ್ಟು ಮಲಗಿ ಕನಸಿನಿಂದ ಫಲ ತಿಳಿಯುವ ಪದ್ಧತಿಗೂ ಹರಳಿನ ಅಸಲಿತನಕ್ಕೂ ಸಂಬಂಧವಿಲ್ಲ.

ಪ್ರಮಾಣಪತ್ರ

ಜೈಪುರ, ಮುಂಬಯಿ ಮೊದಲಾದ ಕಡೆ ರತ್ನ ಪರೀಕ್ಷಾ ಪ್ರಯೋಗಾಲಯಗಳಿವೆ. ಪ್ರಮಾಣಪತ್ರದಲ್ಲಿ 'ನೈಸರ್ಗಿಕ' ಎಂದಿರುವ ಮಾತ್ರಕ್ಕೆ ಹರಳು ಸಂಸ್ಕರಿಸಿದ್ದಲ್ಲವೆಂದು ಅರ್ಥವಲ್ಲ. ಶಾಖದ ಬಗೆಗಿನ ಸಾಲನ್ನು ಪ್ರತ್ಯೇಕವಾಗಿ ಓದಬೇಕು. ಪತ್ರದಲ್ಲಿರುವ ತೂಕವನ್ನೂ ಅಳತೆಗಳನ್ನೂ ಕೈಯಲ್ಲಿರುವ ಹರಳಿನೊಂದಿಗೆ ತಾಳೆ ನೋಡುವುದು ಅವಶ್ಯ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ರತ್ತಿಯ ತೂಕ ಮಾತ್ರ ಊರಿಂದೂರಿಗೆ ವ್ಯತ್ಯಾಸವಾಗುತ್ತದೆ. ಹಿಂಬದಿ ಮುಚ್ಚಿದ ಉಂಗುರದಲ್ಲಿ ಕೂರಿಸಿದ ಹರಳನ್ನು ಪೂರ್ಣವಾಗಿ ಪರೀಕ್ಷಿಸಲು ಬರುವುದಿಲ್ಲವಾದ್ದರಿಂದ, ಪರೀಕ್ಷೆಯನ್ನು ಕಟ್ಟಡ ಹಾಕಿಸುವ ಮೊದಲೇ ಮಾಡಿಸುವುದು ವಾಡಿಕೆ.