ಧಾರವಾಡದ ಶಾಲೆಯ ಬಾಗಿಲಿಂದ ಇಂಗ್ಲಿಷ್ ಎಂ.ಎ. ತರಗತಿಯವರೆಗೆ

ಸ್ವಲ್ಪ ಉದ್ದದ ಪೋಸ್ಟ್ ಇದು, ಬಿಡುವು ಮಾಡ್ಕೊಂಡು ಓದಿ. ಮನೇಲಿ ಡಿಗ್ರಿ ಮುಗಿಸಿರೋ ತಮ್ಮ ತಂಗಿಯರಿದ್ರೆ ಅವರಿಗೂ ಓದಿಸಿ.

ನಮ್ಮ ಮಕ್ಕಳು ಇಂಗ್ಲಿಷ್ ಎಂ.ಎ. ಮಾಡ್ತೀನಿ ಅಂದ ತಕ್ಷಣ ಎರಡು ಕಡೆಯಿಂದ ಮಾತು ಬರುತ್ತೆ. ಒಂದು ಕಡೆಯವರು "ಅದು ನಿಮಗೆ ಕಷ್ಟ ಆಗುತ್ತೆ, ಬೇರೆ ಯಾವುದಾದ್ರೂ ಸಬ್ಜೆಕ್ಟ್ ತಗೊಳ್ಳಿ" ಅಂತಾರೆ. ಇನ್ನೊಂದು ಕಡೆಯವರು "ಅದು ಬ್ರಿಟಿಷರು ಬಿಟ್ಟುಹೋದ ಗುಲಾಮಗಿರಿಯ ಓದು" ಅಂತಾರೆ. ಈ ಎರಡನೇ ಗುಂಪಲ್ಲಿ ನಮ್ಮ ಸಂಗಾತಿಗಳೂ ಇದ್ದಾರೆ. ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಕೊಡಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಆ ಉತ್ತರ ಇತಿಹಾಸದಲ್ಲಿದೆ.

1813ರ ಚಾರ್ಟರ್ ಕಾಯ್ದೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿನ ಜನರ ಶಿಕ್ಷಣಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಖರ್ಚು ಮಾಡಬೇಕು ಅಂತ ಬರೆದರು. ಆ ದುಡ್ಡು ಸಂಸ್ಕೃತ, ಅರೇಬಿಕ್‌ಗೆ ಹೋಗಬೇಕೋ ಇಂಗ್ಲಿಷ್‌ಗೆ ಹೋಗಬೇಕೋ ಅನ್ನೋ ಜಗಳ ಎರಡು ದಶಕ ನಡೀತು. 1835ರ ಫೆಬ್ರವರಿಯಲ್ಲಿ ಮೆಕಾಲೆ ತನ್ನ ಟಿಪ್ಪಣಿ ಬರೆದು ಇಂಗ್ಲಿಷ್ ಪರ ತೀರ್ಪು ಹೇಳಿದ. ಅವನ ಜನಾಂಗೀಯ ಅಹಂಕಾರದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಮಾತಾಡಲೇಬೇಕು. ಅದೇ ಟಿಪ್ಪಣಿಯಲ್ಲಿ ಇನ್ನೊಂದು ವಿಷಯ ಇದೆ. ಎಲ್ಲ ಜನರಿಗೂ ಕಲಿಸೋಕೆ ಆಗಲ್ಲ, ಮೊದಲು ಮೇಲಿನ ಒಂದು ಸಣ್ಣ ವರ್ಗಕ್ಕೆ ಕಲಿಸೋಣ, ಆಮೇಲೆ ವಿದ್ಯೆಯನ್ನ ಜನರಿಗೆ ಮುಟ್ಟಿಸೋ ಕೆಲಸ ಅವರದ್ದು ಅನ್ನೋ ಲೆಕ್ಕ ಅದು. ಮೇಲೆ ಸುರಿದ ನೀರು ತಾನಾಗೇ ಕೆಳಗೆ ಸೋರುತ್ತೆ ಅನ್ನೋ ನಂಬಿಕೆ.

ಜಾತಿ ಇರೋ ದೇಶದಲ್ಲಿ ನೀರು ಕೆಳಗೆ ಹರಿಯುತ್ತಾ? ನಮ್ಮೂರಿನ ಬಾವಿಗಳನ್ನ ಕೇಳಿ ನೋಡಿ.

ಇಂಗ್ಲಿಷ್ ಸಾಹಿತ್ಯ ಅನ್ನೋದು ಒಂದು ಪಠ್ಯವಿಷಯವಾಗಿ ಬೆಳೆದದ್ದೂ ಇಲ್ಲೇ. ಗೌರಿ ವಿಶ್ವನಾಥನ್ ಅವರು 1989ರ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಪುಸ್ತಕದಲ್ಲಿ ಇದನ್ನ ದಾಖಲೆ ಸಮೇತ ತೋರಿಸಿದ್ದಾರೆ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷಿಗೆ ಸ್ವಂತ ಪದವಿ ವ್ಯಾಸಂಗ ಬಂದದ್ದು 1894ರಲ್ಲಿ, ಕೇಂಬ್ರಿಡ್ಜಿನಲ್ಲಿ 1917ರಲ್ಲಿ. ಅದಕ್ಕೂ ಎಷ್ಟೋ ಮುಂಚೆ ಕಲ್ಕತ್ತಾದ ಹುಡುಗರು ಶೇಕ್ಸ್‌ಪಿಯರ್, ಮಿಲ್ಟನ್ ಓದಿ ಪರೀಕ್ಷೆ ಬರೀತಿದ್ರು. ಯಾರ ಮನೆ ಹುಡುಗರು ಅಂತ ನಾನು ಹೇಳಬೇಕಾಗಿಲ್ಲ. ತಲೆತಲಾಂತರದಿಂದ ಸಂಸ್ಕೃತ, ಪರ್ಷಿಯನ್ ಕೈಯಲ್ಲಿಟ್ಟುಕೊಂಡಿದ್ದ ಮನೆಗಳೇ ಈ ಮೂರನೇ ಬೀಗದ ಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡವು.

ಈಗ ನಮ್ಮ ನೆಲಕ್ಕೆ ಬನ್ನಿ. 1856ರ ಜೂನ್. ಧಾರವಾಡ ಆಗ ಮುಂಬೈ ಪ್ರೆಸಿಡೆನ್ಸಿಯಲ್ಲಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ನಾನು ಓದಿದ ಕಡೆಯೆಲ್ಲ ಅವನು ಬರೀ 'ಮಹಾರ್ ಹುಡುಗ', ಹೆಸರಿಲ್ಲ. ಶಾಲೆ ಸೇರಿಸಿಕೊಳ್ಳಲಿಲ್ಲ. ವಿಷಯ ಮುಂಬೈ ಸರ್ಕಾರದ ಮುಂದೆ ಹೋಯ್ತು. ಸರ್ಕಾರ ಏನು ಹೇಳ್ತು ಗೊತ್ತಾ? ನ್ಯಾಯ ಈ ಹುಡುಗನ ಕಡೆಗೇ ಇದೆ ಅಂತ ಒಪ್ಪಿಕೊಳ್ತು. ಆದ್ರೆ ಇವನೊಬ್ಬನನ್ನ ಸೇರಿಸಿಕೊಂಡ್ರೆ ಉಳಿದವರು ಶಾಲೆ ಬಿಟ್ಟುಹೋಗ್ತಾರೆ, ಶಾಲೆಯೇ ನಿರುಪಯೋಗ ಆಗುತ್ತೆ, ಆದ್ದರಿಂದ ಆಗಲ್ಲ ಅಂತು.

ಮರುವರ್ಷ, 1857ರಲ್ಲಿ, ಕಲ್ಕತ್ತಾ, ಮುಂಬೈ, ಮದ್ರಾಸ್ ವಿಶ್ವವಿದ್ಯಾಲಯಗಳು ಶುರುವಾದವು. ಇಂಗ್ಲಿಷ್ ಎಂ.ಎ.ಗೆ ಬುನಾದಿ ಬಿದ್ದ ವರ್ಷ ಅದು. ಒಂದೇ ಪ್ರೆಸಿಡೆನ್ಸಿಯಲ್ಲಿ ಒಂದು ಕಡೆ ವಿಶ್ವವಿದ್ಯಾಲಯಕ್ಕೆ ಅಡಿಗಲ್ಲು, ಇನ್ನೊಂದು ಕಡೆ ನಮ್ಮ ಹುಡುಗನಿಗೆ ಶಾಲೆಯ ಬಾಗಿಲೇ ಬಂದ್. ಈ ಎರಡು ಚಿತ್ರಗಳನ್ನ ಅಕ್ಕಪಕ್ಕ ಇಟ್ಟು ನೋಡದೆ ಭಾರತದ ಉನ್ನತ ಶಿಕ್ಷಣದ ಇತಿಹಾಸ ಬರೆಯೋಕೆ ಆಗಲ್ಲ.

ಆ ಅರ್ಜಿ ಸುಮ್ಮನೆ ಕಸದಬುಟ್ಟಿಗೆ ಹೋಗಲಿಲ್ಲ. ಮುಂಬೈ ಸರ್ಕಾರದ ನಿರ್ಧಾರವನ್ನ ಮೇಲಿನವರು ಒಪ್ಪಲಿಲ್ಲ. 1858ರ ಹೊತ್ತಿಗೆ, ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯೋ ಶಾಲೆಗಳು ಜಾತಿ ಭೇದ ಇಲ್ಲದೆ ಎಲ್ಲರಿಗೂ ತೆರೆದಿರಬೇಕು ಅನ್ನೋ ನೀತಿ ಕಾಗದದ ಮೇಲೆ ಬಂತು. ಕಾಗದದ ಮೇಲೆ ಮಾತ್ರ. ಅದಾಗಿ ಸುಮಾರು ನಲವತ್ತು ವರ್ಷ ಆದಮೇಲೂ ಭೀಮರಾವ್ ಅನ್ನೋ ಹುಡುಗ ಸತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಆದ್ರೂ ನೆನಪಿಡಿ, ಸರ್ಕಾರಿ ಶಾಲೆ ಎಲ್ಲರದ್ದು ಅನ್ನೋ ಮಾತನ್ನ ಸರ್ಕಾರದ ಬಾಯಿಂದ ಹೊರಡಿಸಿದ್ದು ಧಾರವಾಡದ ಒಬ್ಬ ದಲಿತ ಹುಡುಗನ ಅರ್ಜಿ.

ಅದೇ ಕಾಲಕ್ಕೆ ಪುಣೆಯಲ್ಲಿ ಫುಲೆ ದಂಪತಿ ಕೆಲಸ ಶುರು ಮಾಡಿಯಾಗಿತ್ತು. 1854ರಲ್ಲಿ ಬಂದ 'ಕಾವ್ಯಫುಲೆ' ಸಂಕಲನದಲ್ಲೇ ಸಾವಿತ್ರಿಬಾಯಿ ಇಂಗ್ಲಿಷನ್ನ ತಾಯಿ ಅಂತ ಕರೆದು, ಇಂಗ್ಲಿಷ್ ಕಲಿಯಿರಿ ಅಂತ ಪದ್ಯ ಬರೆದರು. 1855ರಲ್ಲಿ ಅವರ ಶಾಲೆಯ ವಿದ್ಯಾರ್ಥಿನಿ, ಮಾಂಗ್ ಸಮುದಾಯದ ಮುಕ್ತಾ ಸಾಳ್ವೆ, ತನ್ನ ಜನರ ನೋವಿನ ಬಗ್ಗೆ ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯ್ತು. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ, ಬಡ ರೈತರ ತೆರಿಗೆ ದುಡ್ಡಲ್ಲಿ ಮೇಲ್ಜಾತಿಯವರಿಗೆ ಉನ್ನತ ಶಿಕ್ಷಣ ಕೊಡ್ತಿದ್ದೀರಿ, ಮೊದಲು ಜನಸಾಮಾನ್ಯರ ಪ್ರಾಥಮಿಕ ಶಿಕ್ಷಣ ನೋಡಿ ಅಂತ ಕಟುವಾಗಿ ಹೇಳಿದರು. ಅಲ್ಲಿಗೆ ಸೋರಿಕೆ ಸಿದ್ಧಾಂತದ ಬಂಡವಾಳ ಬಯಲಾಯ್ತು.

ಬಾಬಾಸಾಹೇಬರ ಬಗ್ಗೆ ಒಂದೇ ಮಾತು. ಅವರು ಜನರ ಜತೆ ಮಾತಾಡೋಕೆ 'ಮೂಕನಾಯಕ', 'ಬಹಿಷ್ಕೃತ ಭಾರತ' ಅಂತ ಮರಾಠಿ ಪತ್ರಿಕೆ ಮಾಡಿದರು. ದೇಶದ ಕಿವಿ ಹಿಡಿದು ಕೇಳೋಕೆ 1936ರಲ್ಲಿ 'ಜಾತಿ ವಿನಾಶ'ವನ್ನ ಇಂಗ್ಲಿಷಲ್ಲಿ ಬರೆದರು. ಲಾಹೋರಿನವರು ಆ ಭಾಷಣ ಬೇಡ ಅಂದಾಗ ತಮ್ಮ ಖರ್ಚಲ್ಲೇ ಅಚ್ಚು ಹಾಕಿಸಿದರು. ಎರಡು ಭಾಷೆ, ಎರಡು ಕೆಲಸ. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ನಾವಿವತ್ತು ಅರ್ಜಿ ಹಾಕೋ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿಯವರಿಗೆ ಬಂದದ್ದು 1944ರಲ್ಲಿ, ಅವರು ವೈಸರಾಯ್ ಕೌನ್ಸಿಲ್‌ನಲ್ಲಿ ಇದ್ದ ಕಾಲದಲ್ಲಿ. ಅದು ಭಿಕ್ಷೆ ಅಲ್ಲ, ಅದಕ್ಕೂ ಒಂದು ಹೋರಾಟದ ಇತಿಹಾಸ ಇದೆ.

ಈಗ ಕನ್ನಡದ ಕಡೆ ಬರೋಣ. ಇದು ಸ್ವಲ್ಪ ಸೂಕ್ಷ್ಮ ವಿಷಯ.

ಆಧುನಿಕ ಕನ್ನಡ ಸಾಹಿತ್ಯ ಕಟ್ಟಿದ ಹೆಸರುಗಳನ್ನ ಸುಮ್ಮನೆ ಎಣಿಸಿ. ಬಿ.ಎಂ. ಶ್ರೀಕಂಠಯ್ಯ, ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಎ.ಕೆ. ರಾಮಾನುಜನ್, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಚಂದ್ರಶೇಖರ ಪಾಟೀಲ. ಎಲ್ಲರೂ ಇಂಗ್ಲಿಷ್ ಓದಿದವರು, ಇಂಗ್ಲಿಷ್ ಪಾಠ ಮಾಡಿದವರು. ಬಿ.ಎಂ.ಶ್ರೀ ಇಂಗ್ಲಿಷ್ ಪದ್ಯಗಳನ್ನ ಕನ್ನಡಕ್ಕೆ ತಂದದ್ದರಿಂದಲೇ ನವೋದಯ ಕಾವ್ಯಕ್ಕೆ ದಾರಿ ಆಯ್ತು ಅಂತ ನಾವು ಶಾಲೆಯಲ್ಲೇ ಓದಿದ್ದೀವಿ. ಇವರಲ್ಲಿ ಕೆಲವರ ಬಗ್ಗೆ ನನಗೆ ಬಹಳ ಗೌರವ ಇದೆ. ಇವರ್‍ಯಾರನ್ನೂ "ಯಾಕಪ್ಪಾ ಇಂಗ್ಲಿಷ್ ಓದಿದೆ, ಕನ್ನಡ ದ್ರೋಹಿ" ಅಂತ ಯಾರೂ ಕೇಳಲಿಲ್ಲ. ಕೇಳಬಾರದು ಕೂಡ. ಆದ್ರೆ ಈ ಸಾಲಿನಲ್ಲಿ ಒಬ್ಬನೇ ಒಬ್ಬ ದಲಿತ ಇಲ್ಲ ಅನ್ನೋದನ್ನೂ ಗಮನಿಸಿ.

1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಲೋಕಜ್ಞಾನ ಬೇಕಿದ್ರೆ ಇಂಗ್ಲಿಷ್ ಕಲಿಯಿರಿ ಅನ್ನೋದು ಆ ಮಾತಿನ ಇನ್ನೊಂದು ಭಾಗ. ರಾಜ್ಯ ಹೊತ್ತಿ ಉರೀತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಮಂತ್ರಿ ಸ್ಥಾನ ಬಿಡಬೇಕಾಯ್ತು. ಕುವೆಂಪು ಅವರು ಬಸವಲಿಂಗಪ್ಪನವರ ಪರ ನಿಂತರು, ಅದನ್ನ ನಾವು ಮರೆಯಬಾರದು. ಆ ಗಲಭೆಯಲ್ಲಿ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು.

ನನಗೆ ಇದರಲ್ಲಿ ಕಾಣೋದು ಇಷ್ಟೇ. ಮೇಲಿನವರು ಇಂಗ್ಲಿಷ್ ಓದಿದ್ರೆ ಅದು ಕನ್ನಡಕ್ಕೆ ಕೊಡುಗೆ. ಕೆಳಗಿನವನು ಇಂಗ್ಲಿಷ್ ಓದಿ ಅಂದ್ರೆ ಅದು ಕನ್ನಡಕ್ಕೆ ಅಪಮಾನ. ಇಂಗ್ಲಿಷ್ ವಿರೋಧ ಅಂತ ನಡೆಯೋದರಲ್ಲಿ ಎಷ್ಟು ಪಾಲು ಭಾಷೆಯ ಪ್ರೀತಿ, ಎಷ್ಟು ಪಾಲು ಜಾತಿ ಅಂತ ಅಳೆಯೋಕೆ 1973 ಒಳ್ಳೆ ತಕ್ಕಡಿ.

ಹಾಗಂತ ನಮ್ಮವರು ಇಂಗ್ಲಿಷ್ ಓದಿ ಏನು ಮಾಡಿದರು? ಎಂ.ಎನ್. ವಾಂಖೆಡೆ ಅಮೆರಿಕದಲ್ಲಿ ಓದಿ ಬಂದು, ಬಾಬಾಸಾಹೇಬರು ಕಟ್ಟಿದ ಔರಂಗಾಬಾದಿನ ಮಿಲಿಂದ್ ಕಾಲೇಜಿನ ಪ್ರಾಂಶುಪಾಲರಾದರು. ಅಲ್ಲಿನ ಕಪ್ಪು ಜನರ ಸಾಹಿತ್ಯವನ್ನ ಮರಾಠಿ ದಲಿತ ಹುಡುಗರಿಗೆ ಪರಿಚಯ ಮಾಡಿಸಿದರು. 1972ರಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ತನ್ನ ಹೆಸರು ತಗೊಂಡದ್ದೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ನಮ್ಮಲ್ಲಿ ಕೆ.ಬಿ. ಸಿದ್ದಯ್ಯ ಮೇಷ್ಟ್ರು ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಹೇಳ್ತಾ, ಚಳವಳಿಯಲ್ಲಿ ಓಡಾಡ್ತಾ 'ಬಕಾಲ', 'ದಕ್ಲಕಥಾದೇವಿ ಕಾವ್ಯ' ಬರೆದರು. ಆ ಕಾವ್ಯ ಓದಿ ನೋಡಿ, ಇಂಗ್ಲಿಷ್ ಓದಿದವನು ತನ್ನ ಜನರ ದೇವರು, ಕಥೆ, ಭಾಷೆ ಮರೀತಾನೆ ಅನ್ನೋ ಮಾತು ಆಮೇಲೆ ಬಾಯಿಗೆ ಬರಲ್ಲ.

ನಾನೂ ಇಂಗ್ಲಿಷ್ ಎಂ.ಎ. ಮಾಡಿದವನೇ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಯಾವ ಯೂನಿವರ್ಸಿಟಿ ಅಂತ ಬೇಡ. ಒಂದು ದಿನ ಮುಲ್ಕ್ ರಾಜ್ ಆನಂದರ 'ಅನ್‌ಟಚಬಲ್' ಪಾಠ ನಡೀತಿತ್ತು. 1935ರ ಕಾದಂಬರಿ, ಕಕ್ಕಸು ಬಳಿಯೋ ಬಾಖಾ ಅನ್ನೋ ಹುಡುಗನ ಒಂದು ದಿನದ ಕಥೆ. ಪಾಠ ಮಾಡ್ತಿದ್ದವರು "ಇದನ್ನೆಲ್ಲ ಈಗ ಐತಿಹಾಸಿಕ ದಾಖಲೆಯಾಗಿ ಓದಬೇಕು, ಈಗ ಇಂಥದ್ದು ಇಲ್ಲ" ಅಂದರು. ಕ್ಲಾಸು ತಲೆ ಆಡಿಸ್ತು. ನಮ್ಮಪ್ಪ ಪೌರಕಾರ್ಮಿಕ. ಆ ಹೊತ್ತಿಗೂ ಊರಲ್ಲಿ ಬರಿಗೈಲಿ ಚರಂಡಿ ತೆಗೀತಿದ್ದ. ನಾನು ಎದ್ದು ನಿಂತು ಹೇಳಿದೆ: "ಸಾರ್, ಮಲ ಹೊರೋ ಪದ್ಧತಿ ನಿಷೇಧಿಸೋಕೆ 1993ರಲ್ಲಿ ಒಂದು ಕಾಯ್ದೆ ಮಾಡಿದರು. ಅದು ಸಾಲದೆ 2013ರಲ್ಲಿ ಇನ್ನೊಂದು ಮಾಡಿದರು. ಇಲ್ಲದ್ದಕ್ಕೆ ಯಾರಾದ್ರೂ ಎರಡು ಸಲ ಕಾಯ್ದೆ ಮಾಡ್ತಾರಾ?" ನನ್ನ ಇಂಗ್ಲಿಷ್ ವ್ಯಾಕರಣ ಆವತ್ತು ಎಡವಿರಬಹುದು. ಕ್ಲಾಸಲ್ಲಿ ಉತ್ತರ ಮಾತ್ರ ಯಾರ ಹತ್ರಾನೂ ಇರಲಿಲ್ಲ.

ನಮ್ಮವರು ಆ ತರಗತಿಯಲ್ಲಿ ಇರಬೇಕು ಅಂತ ನಾನು ಹಟ ಮಾಡೋದು ಇದಕ್ಕೇ. ನಮ್ಮ ಬದುಕನ್ನ ಅವರು ಪಠ್ಯ ಮಾಡಿ ಓದ್ತಾರೆ. ನಾವು ಅಲ್ಲಿ ಇಲ್ಲದಿದ್ರೆ, ನಾವು ಬದುಕಿರುವಾಗಲೇ ನಮ್ಮನ್ನ ಇತಿಹಾಸ ಮಾಡಿಬಿಡ್ತಾರೆ.

ಪಠ್ಯ ಬದಲಾಗಿಲ್ಲ ಅಂತ ಅಲ್ಲ. 1992ರಲ್ಲಿ ಅರ್ಜುನ್ ಡಾಂಗ್ಳೆ ಸಂಪಾದಿಸಿದ 'ಪಾಯ್ಸನ್ಡ್ ಬ್ರೆಡ್' ಬಂತು. ಬಾಮಾ ಅವರ 'ಕರುಕ್ಕು' 2000ದಲ್ಲಿ, ಓಂಪ್ರಕಾಶ್ ವಾಲ್ಮೀಕಿಯವರ 'ಜೂಠನ್' 2003ರಲ್ಲಿ ಇಂಗ್ಲಿಷಿಗೆ ಬಂದವು. ನಮ್ಮ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವೂ ಬಂತು. ಇವು ಎಂ.ಎ. ತರಗತಿಗಳಿಗೂ ಬಂದವು. ಆದ್ರೆ ಹೆಚ್ಚು ಕಡೆ ದಲಿತ ಸಾಹಿತ್ಯ ಒಂದು ಐಚ್ಛಿಕ ಪತ್ರಿಕೆ, ಬೇಕಾದವರು ತಗೋಬಹುದು. ಚಾಸರ್ ಮಾತ್ರ ಕಡ್ಡಾಯ. ಬಂದದ್ದನ್ನ ತೆಗೆದುಹಾಕೋದೂ ನಡೀತಿದೆ. 2021ರ ಆಗಸ್ಟ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಆನರ್ಸ್ ಪಠ್ಯದಿಂದ ಬಾಮಾ, ಸುಕೀರ್ತರಾಣಿ ಅನ್ನೋ ಇಬ್ಬರು ದಲಿತ ಲೇಖಕಿಯರನ್ನೂ ಮಹಾಶ್ವೇತಾ ದೇವಿಯವರ 'ದ್ರೌಪದಿ' ಕಥೆಯನ್ನೂ ಕೈಬಿಟ್ಟರು. ಧಾರವಾಡದ ಹುಡುಗನನ್ನ ಹೊರಗಿಟ್ಟಾಗ ಉಳಿದವರಿಗೆ ಮುಜುಗರ ಆಗುತ್ತೆ ಅಂದಿದ್ರಲ್ಲ, ಆ ಮಾತು ಇನ್ನೂ ಸತ್ತಿಲ್ಲ.

ಇನ್ನೊಂದು ತುದಿಯ ಬಗ್ಗೆಯೂ ಹೇಳಬೇಕು. 2010ರಲ್ಲಿ ಚಂದ್ರಭಾನ್ ಪ್ರಸಾದ್ ಮುಂದಾಳತ್ವದಲ್ಲಿ ಉತ್ತರ ಪ್ರದೇಶದ ಬಾಂಕಾ ಗ್ರಾಮದಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟೋಕೆ ಹೊರಟರು. ಆ ಸಿಟ್ಟು, ಆ ವ್ಯಂಗ್ಯ ನನಗೆ ಅರ್ಥ ಆಗುತ್ತೆ. ಆದ್ರೆ ನನಗೆ ಇಂಗ್ಲಿಷ್ ದೇವಿಯಾಗಿ ಬೇಡ. ದೇವರಾದ ಮೇಲೆ ಪೂಜಾರಿ ಬರ್ತಾನೆ, ಗರ್ಭಗುಡಿ ಬರುತ್ತೆ, ಹೊರಗೆ ನಿಲ್ಲೋರು ಬರ್ತಾರೆ. ನನಗೆ ಅದು ಕೈಯಲ್ಲಿರೋ ಹತಾರ ಆದ್ರೆ ಸಾಕು.

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಅರ್ಜಿ ಹಾಕಿ. ಕನ್ನಡ ಮೀಡಿಯಂನಿಂದ ಬಂದಿದ್ದೀನಿ ಅಂತ ಹಿಂಜರಿಯಬೇಡಿ. ಮೊದಲ ಸೆಮಿಸ್ಟರ್ ಬೆವರು ಇಳಿಸುತ್ತೆ ನಿಜ, ಮೂರನೇದರ ಹೊತ್ತಿಗೆ ದಾರಿ ಸಿಗುತ್ತೆ. ನೆಟ್ ಪರೀಕ್ಷೆ ಬರೆಯೋಕೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55, ನಮಗೆ ಶೇ. 50 ಅಂಕ ಬೇಕು. ಅದನ್ನ ಮೊದಲ ದಿನದಿಂದಲೇ ಲೆಕ್ಕದಲ್ಲಿಟ್ಟುಕೊಳ್ಳಿ. ಸ್ಕಾಲರ್‌ಶಿಪ್ ತಡ ಆದ್ರೆ ಒಬ್ಬೊಬ್ಬರೇ ಕಚೇರಿಗೆ ಅಲೀಬೇಡಿ, ಹತ್ತು ಜನ ಸೇರಿ ಹೋಗಿ, ಲಿಖಿತ ಉತ್ತರ ಕೇಳಿ. ಮಿಲ್ಟನ್ ಜತೆ ಸಿದ್ದಯ್ಯನವರನ್ನ, ದೇವನೂರರನ್ನ, ಸಿದ್ಧಲಿಂಗಯ್ಯನವರನ್ನ ಓದಿ. ನಿಮ್ಮವ್ವ ಹಾಡೋ ಪದಗಳನ್ನ ಇಂಗ್ಲಿಷಿಗೆ ತರೋ ಕೆಲಸ ನೀವೇ ಮಾಡಬೇಕು, ಬೇರೆಯವರು ಮಾಡಿದ್ರೆ ಅಡಿಟಿಪ್ಪಣಿ ಮಾಡಿಬಿಡ್ತಾರೆ.

ಹಿರಿಯ ಸಂಗಾತಿಗಳಿಗೆ ಒಂದು ಕೋರಿಕೆ. ನಿಮ್ಮ ತಾಲೂಕಿನಲ್ಲಿ ಇಂಗ್ಲಿಷ್ ಎಂ.ಎ. ಸೇರೋ ಒಂದು ಮಗು ಇದ್ರೆ ಪುಸ್ತಕದ ಖರ್ಚು ನೋಡ್ಕೊಳ್ಳಿ. ಮೊದಲ ವರ್ಷದ ಪಠ್ಯಪುಸ್ತಕ, ಒಂದು ಒಳ್ಳೆ ನಿಘಂಟು, ಅಷ್ಟು ಸಾಕು. ಆ ಮಗು ನಾಳೆ ಮೇಷ್ಟ್ರಾಗಿ ನಿಂತಾಗ ಪಠ್ಯದಲ್ಲಿ ಏನಿರಬೇಕು ಅಂತ ತೀರ್ಮಾನಿಸೋ ಮೇಜಿನ ಸುತ್ತ ನಮ್ಮದೂ ಒಂದು ಕುರ್ಚಿ ಇರುತ್ತೆ.

ಜೈ ಭೀಮ್. ಜೈ ಸಾವಿತ್ರಿ.